ಹಳೆ ಕಟ್ಟಡದ ಮೇಲೆ ಹತ್ತೋಕೆ ಏನು ತರಿಸಬೇಕು? ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ), ಕೈಮಡ (ಹಿರಿಯರ ಗುಡಿ), ದೇವಸ್ಥಾನ, ಚರ್ಚು, ತೋಟದ ಹಳೆ ಬಂಗಲೆ. ಇವುಗಳ ರಿಪೇರಿ ಮಾತು ಬಂದಾಗ ಎಲ್ಲರೂ ಮೊದಲು ಗಾರೆ, ಹೆಂಚು, ಮರದ ಬಗ್ಗೆ ಕೇಳುತ್ತಾರೆ. ಮೇಲೆ ಹತ್ತೋದು ಹೇಗೆ ಅನ್ನೋದು ಕೆಲಸದವರು ಬಂದು ಅಂಗಳದಲ್ಲಿ ನಿಂತ ಮೇಲೆ ನೆನಪಾಗುತ್ತದೆ. ಆಗ ಮನೆಯಲ್ಲಿ ಇರುವ ಏಣಿಯೇ ಗತಿ. ಫೋನಿನಲ್ಲಿ, ಪತ್ರದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ನನಗೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಹಳೆ ಮನೆಗೆ ಬೇರೆ ಸಾರ್ವೆ, ಹೊಸ ಮನೆಗೆ ಬೇರೆ ಸಾರ್ವೆ ಅಂತ ಉಂಟಾ? ಎಲ್ಲಾ ಒಂದೇ ಅಲ್ವಾ?

ಸಾರ್ವೆ ಅಂದರೆ ಮೇಲೆ ನಿಂತು ಕೆಲಸ ಮಾಡಲು ಕಟ್ಟುವ ಪೈಪಿನ ಅಥವಾ ಬಿದಿರಿನ ಅಟ್ಟಣಿಗೆ. ಪೈಪು ಒಂದೇ. ಗೋಡೆ ಬೇರೆ. ಹೊಸ ಕಟ್ಟಡದ ಕಾಂಕ್ರೀಟ್ ಕಂಬಕ್ಕೆ ತೂತು ಕೊರೆದು ಬೋಲ್ಟ್ ಹಾಕಿ ಸಾರ್ವೆಯನ್ನು ಬಿಗಿಯಬಹುದು. ಮಣ್ಣಿನಲ್ಲೋ ಸುಣ್ಣದ ಗಾರೆಯಲ್ಲೋ ಕಟ್ಟಿದ ಗೋಡೆಗೆ ಅದೇ ಬೋಲ್ಟ್ ಹಾಕಿದರೆ ಎಳೆತ ಬಂದಾಗ ಗೋಡೆಯ ತುಂಡಿನ ಸಮೇತ ಕಿತ್ತು ಬರುತ್ತದೆ. ಹೋದದ್ದು ಗೋಡೆ ಮಾತ್ರ ಅಲ್ಲ, ಮೇಲೆ ನಿಂತವನೂ ಹೋದ.

ಅದಕ್ಕೇ ನಾನು ಹೋದಲ್ಲೆಲ್ಲಾ ಒಂದೇ ಕ್ರಮ ಹೇಳುತ್ತೇನೆ. ಮೊದಲು ನೆಲ ನೋಡಿ. ಆಮೇಲೆ ಗೋಡೆ ನೋಡಿ. ಎತ್ತರ ಕೊನೆಗೆ. ಬಹಳ ಜನ ಎತ್ತರವನ್ನು ಮೊದಲು ಅಳೆದು, ಅದಕ್ಕೆ ಮುಟ್ಟುವ ಸಾಮಾನು ತರಿಸಿ, ಲಾರಿ ಗೇಟಿನ ಹತ್ತಿರ ಬಂದಾಗ ಉಳಿದದ್ದನ್ನು ಯೋಚನೆ ಮಾಡುತ್ತಾರೆ.

ನಾಲ್ಕು ಹೆಂಚು ಬದಲಾಯಿಸಬೇಕು, ಅಷ್ಟೆ. ಏಣಿ ಸಾಕಲ್ವಾ?

ಕೆಲವು ಸಲ ಸಾಕು. ಒಂದೇ ಜಾಗದಲ್ಲಿ ಅರ್ಧ ಗಂಟೆ ಒಳಗೆ ಮುಗಿಯಬೇಕು. ಒಂದು ಕೈ ಏಣಿ ಹಿಡಿದಿರಲು ಆಗಬೇಕು. ಭಾರ ಎತ್ತುವ ಕೆಲಸ ಇರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಏಣಿ ಬೇಡ.

ನಿಲ್ಲಿಸುವ ಲೆಕ್ಕ ಸುಲಭ: ನಾಲ್ಕು ಪಾಲು ಎತ್ತರಕ್ಕೆ ಒಂದು ಪಾಲು ದೂರ. ಏಣಿ ಒರಗುವ ಜಾಗ 12 ಅಡಿ ಮೇಲಿದ್ದರೆ ಬುಡ 3 ಅಡಿ ಹೊರಗೆ. ಏಣಿಯಿಂದ ಮೇಲೆ ದಾಟಿ ಹೋಗುವುದಾದರೆ ತುದಿ ಆ ಅಂಚಿಗಿಂತ ಮೂರಡಿಯಾದರೂ ಮೇಲೆ ಇರಬೇಕು, ಇಲ್ಲದಿದ್ದರೆ ಇಳಿಯುವಾಗ ಹಿಡಿಯೋಕೆ ಏನೂ ಇರುವುದಿಲ್ಲ. ಮೇಲ್ತುದಿಯನ್ನು ಕಟ್ಟಬೇಕು. ಕಟ್ಟುವ ತನಕ ಕೆಳಗೆ ಒಬ್ಬರು ಹಿಡಿದು ನಿಲ್ಲಬೇಕು. ಆ ಒಬ್ಬರು ಮೊಬೈಲ್ ನೋಡುತ್ತಾ ನಿಲ್ಲುವುದು ಲೆಕ್ಕಕ್ಕಿಲ್ಲ.

ಆದರೆ ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ತೊಂದರೆ ಉಂಟು. ಮಳೆ ಹೊಡೆತ ಗೋಡೆಗೆ ಬೀಳದಿರಲಿ ಅಂತ ಸೂರನ್ನು ಬಹಳ ಮುಂದಕ್ಕೆ ಚಾಚಿರುತ್ತಾರೆ. ಹಾಗಾಗಿ ಏಣಿಯ ತುದಿ ಗೋಡೆಗೆ ಮುಟ್ಟುವುದೇ ಇಲ್ಲ. ಅದು ಒರಗುವುದು ಕೊನೆಯ ಸಾಲಿನ ಹೆಂಚಿನ ಮೇಲೆ, ಕೊನೆಯ ರೀಪಿನ (ಹೆಂಚು ಕೂರುವ ಅಡ್ಡ ಪಟ್ಟಿಯ) ಮೇಲೆ. ಇಡೀ ಮಾಡಿನಲ್ಲಿ, ಅಂದರೆ ಚಾವಣಿಯಲ್ಲಿ, ಮೊದಲು ಕೊಳೆಯುವ ಮರ ಅದೇ. ನಾಲ್ಕು ಹೆಂಚು ಸರಿ ಮಾಡಲು ಹೋಗಿ ಆರು ಹೆಂಚು ಒಡೆಯುವುದು ಹೀಗೆ. ಸೂರಿನ ಎತ್ತರಕ್ಕೆ ಒಂದು ಸಣ್ಣ ಟವರ್, ಅದರ ಮೇಲೆ ನಿಲ್ಲಲು ಹಲಗೆ, ಸುತ್ತ ಕೈತಡೆ. ನಾಲ್ಕು ಹೆಂಚಿಗೂ ನಾನು ಇದನ್ನೇ ಹೇಳುತ್ತೇನೆ.

ಮೆಣಸು ಕುಯ್ಯುವ ಏಣಿ ಮನೆಯಲ್ಲೇ ಉಂಟು. ಅದನ್ನೇ ಹಾಕಿದರೆ ಆಗಲ್ವಾ?

ಒಂಟಿ ಬಿದಿರಿನ ಏಣಿ ಮರಕ್ಕೆ ಹೇಳಿ ಮಾಡಿಸಿದ್ದು. ಅದರ ತುದಿ ಕೊಂಬೆಯ ಕವಲಿನಲ್ಲಿ ಕೂರುತ್ತದೆ, ಬುಡ ತೋಟದ ಮೆತ್ತನೆ ಮಣ್ಣಿಗೆ ಕಚ್ಚುತ್ತದೆ. ಚಪ್ಪಟೆ ಗೋಡೆಗೆ ಒರಗಿಸಿದರೆ ಎಡಕ್ಕೋ ಬಲಕ್ಕೋ ಹೊರಳುತ್ತದೆ. ಕಲ್ಲು ಹಾಸಿದ ಅಂಗಳದಲ್ಲಿ ಬುಡ ಜಾರುತ್ತದೆ. ತೋಟದಲ್ಲೇ ಇರಲಿ.

ಅಲ್ಯೂಮಿನಿಯಂ ಏಣಿ ಒಳ್ಳೇದಾ, ಫೈಬರ್ ಒಳ್ಳೇದಾ?

ಹತ್ತಿರದಲ್ಲಿ ಕರೆಂಟ್ ತಂತಿ ಇದ್ದರೆ ಫೈಬರ್. ಇದರಲ್ಲಿ ಚರ್ಚೆಯೇ ಇಲ್ಲ. ಕೊಡಗಿನ ತೋಟಗಳಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಸತ್ತವರ ಸುದ್ದಿ ಮೆಣಸು ಕುಯ್ಲಿನ ಕಾಲದಲ್ಲಿ ಓದುತ್ತಲೇ ಇರುತ್ತೇವೆ. ಹಳೆ ಮನೆಗಳಲ್ಲಿ ಕಂಬದಿಂದ ಬರುವ ಸರ್ವಿಸ್ ತಂತಿ ನೇರ ಸೂರಿನ ಕೆಳಗೇ ಬಂದು ಸೇರುತ್ತದೆ. ಎಷ್ಟೋ ಕಡೆ ಅದರ ಹೊದಿಕೆ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ.

ಫೈಬರ್ ಆದರೂ ಒದ್ದೆಯಾಗಿ ಕೊಳೆ ಹಿಡಿದಿದ್ದರೆ ನಂಬಬೇಡಿ. ಹಸಿ ಬಿದಿರೂ ಹಾಗೆಯೇ. ನನ್ನ ಅಳತೆ ಇಷ್ಟು: ಏಣಿ ಯಾವ ಕಡೆಗೆ ಬಿದ್ದರೂ ತಂತಿಗೆ ತಾಗದಷ್ಟು ದೂರ. ಅಷ್ಟು ಜಾಗ ಇಲ್ಲದಿದ್ದರೆ ಚೆಸ್ಕಾಂನವರಿಗೆ (ಕರೆಂಟ್ ಕಂಪನಿಯವರಿಗೆ) ಮೊದಲೇ ಹೇಳಿ ಲೈನ್ ಆಫ್ ಮಾಡಿಸಿ. ಮನೆಯ ಮೈನ್ ಸ್ವಿಚ್ ಆರಿಸಿದರೆ ಕಂಬದಿಂದ ಮನೆವರೆಗಿನ ತಂತಿ ಸತ್ತಿರುವುದಿಲ್ಲ, ಇದು ನೆನಪಿರಲಿ.

ಪಕ್ಕದ ತೋಟದಲ್ಲಿ ಜೆಸಿಬಿ ಉಂಟು. ಬಕೆಟ್‌ನಲ್ಲಿ ನಿಲ್ಲಿಸಿ ಎತ್ತಿದರೆ ಅರ್ಧ ದಿನದ ಕೆಲಸ. ಮಾಡಬಹುದಾ?

ಬೇಡ. ಅದು ಮಣ್ಣು ಎತ್ತಲು ಮಾಡಿದ್ದು. ಕೈತಡೆ ಇಲ್ಲ. ಹೈಡ್ರಾಲಿಕ್ ಪೈಪ್ ಒಡೆದರೆ ಬಕೆಟ್ ಒಮ್ಮೆಗೇ ಕೆಳಗೆ. ಆಪರೇಟರ್ ಎಷ್ಟೇ ನುರಿತವರಿರಲಿ, ಉತ್ತರ ಇದೇ.

## ಸಾರ್ವೆ ಕಟ್ಟುವಾಗ

ನಮ್ಮ ಮೇಸ್ತ್ರಿ ಬಿದಿರಿನಲ್ಲೇ ಕಟ್ಟುತ್ತೇನೆ ಅಂತಾರೆ. ಒಪ್ಪಬಹುದಾ?

ಮೇಸ್ತ್ರಿ ಒಂದು ಸಾಲು ಗಳ (ಬಿದಿರಿನ ಕಂಬ) ನೆಡುತ್ತಾರಾ, ಎರಡು ಸಾಲಾ? ಮೊದಲು ಇದನ್ನು ಕೇಳಿ. ಒಂದೇ ಸಾಲಾದರೆ ಅಡ್ಡ ಗಳದ ಇನ್ನೊಂದು ತುದಿ ಗೋಡೆಯೊಳಗೆ ಕೂರಬೇಕು. ಅದಕ್ಕೆ ಗೋಡೆಯಲ್ಲಿ ತೂತು ಮಾಡುತ್ತಾರೆ. ಹೊಸ ಇಟ್ಟಿಗೆ ಗೋಡೆಯಲ್ಲಿ ಅದು ನಡೆಯುತ್ತದೆ. ಇನ್ನೂರು ವರ್ಷದ ಗಾರೆ ಗೋಡೆಯಲ್ಲಿ ಆ ತೂತುಗಳಿಗೆ ಆಮೇಲೆ ಸಿಮೆಂಟ್ ಮೆತ್ತುತ್ತಾರೆ. ಸಿಮೆಂಟ್ ನೀರನ್ನು ಒಳಗೇ ಹಿಡಿದಿಡುತ್ತದೆ, ಸುತ್ತಲಿನ ಸುಣ್ಣದ ಗಾರೆ ಉದುರುತ್ತದೆ. ಎರಡು ಮಳೆಗಾಲ ಕಳೆದರೆ ತೂತು ಎಲ್ಲೆಲ್ಲಿತ್ತು ಅಂತ ಗೋಡೆಯೇ ತೋರಿಸುತ್ತದೆ.

ಎರಡು ಸಾಲು, ಗೋಡೆಗೆ ಮುಟ್ಟದ ಹಾಗೆ, ಒಂದಂತಸ್ತಿನ ಎತ್ತರಕ್ಕೆ, ಸುಣ್ಣ ಬಳಿಯುವಂಥ ಹಗುರ ಕೆಲಸಕ್ಕೆ ಬಿದಿರು ಆಗುತ್ತದೆ. ಬಲಿತ ಗಳ ಇರಬೇಕು. ಬುಡ ನೋಡಿ, ಹುಳ ತಿಂದ ಪುಡಿ ಉದುರುತ್ತಿದ್ದರೆ ವಾಪಸ್ ಕಳಿಸಿ. ಹೋದ ವರ್ಷದ ಹಗ್ಗವನ್ನೇ ಮತ್ತೆ ಕಟ್ಟಬಾರದು. ಮಾಡಿನ ಹೆಂಚು ಇಳಿಸಿ ಸಾರ್ವೆ ಮೇಲೆ ಪೇರಿಸುವ ಕೆಲಸವಾದರೆ ಬಿದಿರು ಬೇಡ. ಒಂದು ಮಂಗಳೂರು ಹೆಂಚು ಎರಡರಿಂದ ಎರಡೂವರೆ ಕಿಲೋ. ನೂರು ಹೆಂಚು ಪೇರಿಸಿದರೆ ಇನ್ನೂರು ಕಿಲೋ ದಾಟಿತು. ಪಾಚಿ ಹಿಡಿದು ನೀರು ಕುಡಿದದ್ದಾದರೆ ಇನ್ನೂ ಜಾಸ್ತಿ.

ಪೈಪಿನಲ್ಲೂ ಮೂರ್ನಾಲ್ಕು ಥರ ಉಂಟಂತೆ. ಯಾವುದು ತರಿಸಲಿ?

ಊರಲ್ಲಿ ಸುಲಭವಾಗಿ ಸಿಗುವುದು ಎಚ್ ಫ್ರೇಮ್, ಅಂದರೆ ಎಚ್ ಅಕ್ಷರದ ಆಕಾರದ ಸಿದ್ಧ ಚೌಕಟ್ಟು. ನೇರ ಗೋಡೆ, ಸಮ ನೆಲ ಇದ್ದರೆ ಬೇಗ ಏರುತ್ತದೆ. ಆದರೆ ಅದರ ಅಳತೆ ಬದಲಾಗುವುದಿಲ್ಲ. ಜಗಲಿ ಮುಂದೆ ಬಂದಿದ್ದರೆ, ಸೂರು ಅಡ್ಡ ಬಂದರೆ ಫ್ರೇಮ್ ಅಲ್ಲೇ ನಿಲ್ಲುತ್ತದೆ. ಆಗ ಕೆಲಸದವರು ಸೂರಿನ ಹೆಂಚು ತೆಗೆದು ಫ್ರೇಮಿಗೆ ದಾರಿ ಮಾಡುತ್ತಾರೆ. ಸಾಮಾನಿಗೆ ತಕ್ಕ ಹಾಗೆ ಮನೆ ಬಗ್ಗಬೇಕಾ?

ಕಪ್‌ಲಾಕ್, ಅಂದರೆ ಕಂಬದ ಮೇಲಿನ ಬಟ್ಟಲಿಗೆ ಅಡ್ಡ ಪೈಪು ಕೂರಿಸಿ ಬಿಗಿಯುವ ಥರ, ಗಟ್ಟಿ. ಭಾರ ಹೊರುತ್ತದೆ, ಎಲ್ಲಾ ಕಡೆ ಸಮ ಚೌಕ. ದೊಡ್ಡ ಚರ್ಚಿನ ಒಳಗೆ, ಅಂಗಳ ವಿಶಾಲ ಇರುವ ಕಡೆ ಒಳ್ಳೆಯದು.

ಬಿಡಿ ಪೈಪು ಮತ್ತು ಕ್ಲ್ಯಾಂಪ್ ಕಟ್ಟಲು ನಿಧಾನ, ಕೂಲಿ ಜಾಸ್ತಿ. ಆದರೆ ಹಳೆ ಕಟ್ಟಡದ ಸೊಟ್ಟ, ಉಬ್ಬು, ಮೂಲೆ ಎಲ್ಲಕ್ಕೂ ಹೊಂದಿಕೊಳ್ಳುವುದು ಅದೊಂದೇ. 48 ಮಿಲಿಮೀಟರ್ ಚಿಲ್ಲರೆ ದಪ್ಪದ ಸ್ಟೀಲ್ ಪೈಪು, ಅದೇ ಅಳತೆಯ ಕ್ಲ್ಯಾಂಪ್. ಒಂದು ಕಡೆಯ ಪೈಪು, ಇನ್ನೊಂದು ಕಡೆಯ ಕ್ಲ್ಯಾಂಪ್ ಬೆರೆಸಬೇಡಿ. ಸತುವಿನ ಲೇಪ ಇರುವ ಪೈಪನ್ನೇ ಕೇಳಿ. ನಮ್ಮ ಮಳೆಗೆ ಕರಿ ಪೈಪು ಒಂದೇ ವಾರದಲ್ಲಿ ತುಕ್ಕು ಇಳಿಸುತ್ತದೆ, ಸುಣ್ಣದ ಗೋಡೆ ಮೇಲೆ ಆ ಕೆಂಪು ಗೆರೆ ಹೋಗುವುದಿಲ್ಲ. ಗೋಡೆ ಕಡೆಗೆ ಬರುವ ಪ್ರತಿ ಪೈಪಿನ ತುದಿಗೂ ಪ್ಲಾಸ್ಟಿಕ್ ಮುಚ್ಚಳ ಹಾಕಿಸಿ.

ಗೋಡೆಗೆ ಡ್ರಿಲ್ ಹಾಕಬೇಡಿ ಅಂತೀರಿ. ಮತ್ತೆ ಸಾರ್ವೆ ನಿಲ್ಲೋದು ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಸ್ವಲ್ಪ ಉದ್ದ ಹೇಳುತ್ತೇನೆ. ದಾರಿಗಳು ಉಂಟು.

ಕಿಟಕಿ ಬಾಗಿಲು ಇದ್ದರೆ ಅದೇ ಮೊದಲ ದಾರಿ. ಸಾರ್ವೆಯಿಂದ ಒಂದು ಪೈಪನ್ನು ಕಿಟಕಿಯೊಳಗೆ ತೂರಿಸಿ. ಒಳಗೆ ಕಿಟಕಿಯ ಅಗಲಕ್ಕಿಂತ ಉದ್ದವಾದ ಇನ್ನೊಂದು ಪೈಪನ್ನು ಗೋಡೆಗೆ ಅಡ್ಡಲಾಗಿ ಇಟ್ಟು ಕ್ಲ್ಯಾಂಪ್ ಮಾಡಿ. ಹೊರಗಿನಿಂದಲೂ ಹಾಗೇ ಒಂದು. ಎರಡರ ನಡುವೆ ಗೋಡೆ ಸಿಕ್ಕಿಕೊಳ್ಳುತ್ತದೆ. ಪೈಪು ಮುಟ್ಟುವ ಕಡೆ ಹಲಗೆ ತುಂಡು ಮತ್ತು ಹಳೆ ಕಂಬಳಿ. ಒಂದು ತೂತೂ ಬೇಡ. ಕಬ್ಬಿಣದ ಸರಳು ಇರುವ ಕಿಟಕಿಯಾದರೆ ಸರಳಿನ ಸಂದಿಯಲ್ಲಿ ಪೈಪು ತೂರುತ್ತದಾ ಅಂತ ಮೊದಲೇ ಅಳೆಯಿರಿ. ಸರಳಿಗೇ ಕಟ್ಟಿಬಿಡುವವರೂ ಇದ್ದಾರೆ, ಅದು ಬೇಡ.

ಕಿಟಕಿಯ ಎರಡು ಪಕ್ಕದ ನಡುವೆ ಜಾಕ್ ಇಟ್ಟು ತಿರುಗಿಸಿ ಬಿಗಿಯುವ ಕ್ರಮವೂ ಉಂಟು. ಕಲ್ಲಿನ ಪಕ್ಕವಾದರೆ ಸರಿ. ಮರದ ಚೌಕಟ್ಟಿಗೆ, ಗಾರೆಯ ಅಂಚಿಗೆ ಬೇಡ. ಆ ಜಾಕು ದಿನ ಕಳೆದಂತೆ ಸಡಿಲವಾಗುತ್ತದೆ. ಹಾಗಾಗಿ ಎಲ್ಲಾ ಕಟ್ಟುಗಳೂ ಇದೇ ಆಗಿರಬಾರದು, ಅರ್ಧಕ್ಕಿಂತ ಕಡಿಮೆ ಇರಲಿ.

ಕಿಟಕಿಯೇ ಇಲ್ಲದ ಗೋಡೆಗೆ ಸಾರ್ವೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಬುಡವನ್ನು ಅಗಲ ಮಾಡಬೇಕು, ಹೊರಗಿನಿಂದ ಓರೆ ಪೈಪುಗಳ ಊರೆ ಕೊಡಬೇಕು, ಬುಡಕ್ಕೆ ಭಾರ ಹೇರಬೇಕು. ಭಾರಕ್ಕೆ ಕಾಂಕ್ರೀಟ್ ಬ್ಲಾಕ್ ಒಳ್ಳೆಯದು. ಮರಳು ಚೀಲ ಬಿಸಿಲಿಗೆ ಹರಿಯುತ್ತದೆ, ನೀರಿನ ಡ್ರಮ್ ಸೋರುತ್ತದೆ. ಎರಡಂತಸ್ತು ದಾಟಿದರೆ ಎಷ್ಟು ಭಾರ, ಎಷ್ಟು ಊರೆ ಅನ್ನೋದನ್ನು ಎಂಜಿನಿಯರ್ ಲೆಕ್ಕ ಹಾಕಿ ಕಾಗದದಲ್ಲಿ ಕೊಡಬೇಕು. ಮೇಸ್ತ್ರಿಯ ಅನುಭವ ದೊಡ್ಡದೇ, ಆದರೆ ಗಾಳಿಯ ಒತ್ತಡ ಕಣ್ಣಳತೆಗೆ ಸಿಗುವುದಿಲ್ಲ.

ಐನ್‌ಮನೆಯವರಿಗೆ ಒಂದು ಮಾತು. ಕಯ್ಯಾಲೆಯ (ಎದುರಿನ ಜಗಲಿಯ) ಕೆತ್ತನೆ ಕಂಬ ನೋಡೋಕೆ ಗಟ್ಟಿ, ಕೈಗೂ ಹತ್ತಿರ. ಕೆಲಸದವರು ಹಗ್ಗ ಕಟ್ಟಲು ಹುಡುಕುವುದು ಅದನ್ನೇ. ಕೆಲಸ ಶುರುವಾಗುವ ಮೊದಲೇ ಕಂಬಗಳಿಗೆ ಕಂಬಳಿ ಸುತ್ತಿ ಹೊರಗೆ ಪ್ಲೈವುಡ್ ಹಾಕಿ. ಐಮರದ (ಜಗಲಿಯಲ್ಲಿ ಕೂರುವ ಮರದ ಹಲಗೆಯ) ಮೇಲೂ ಪ್ಲೈವುಡ್ ಹೊದಿಸಿ. ಇಲ್ಲದಿದ್ದರೆ ಅದೇ ಕ್ಲ್ಯಾಂಪ್ ಇಡುವ ಬೆಂಚು ಆಗುತ್ತದೆ.

ಅಂಗಳ ಇಳಿಜಾರು, ಮಣ್ಣೂ ಮೆತ್ತಗೆ. ಸಾರ್ವೆ ಕಾಲು ಹೂತುಹೋದರೆ?

ಹೂತೇ ಹೋಗುತ್ತದೆ, ಬರೀ ಪೈಪು ನಿಲ್ಲಿಸಿದರೆ. ಪ್ರತಿ ಕಾಲಿನ ಕೆಳಗೂ ಕಬ್ಬಿಣದ ತಟ್ಟೆ, ತಟ್ಟೆಯ ಕೆಳಗೆ ಹಲಗೆ. ತಟ್ಟೆ ಸಾಮಾನ್ಯವಾಗಿ 15 ಸೆಂಟಿಮೀಟರ್ ಚೌಕ, ಅಂದರೆ 225 ಚದರ ಸೆಂಟಿಮೀಟರ್. ಅದರ ಕೆಳಗೆ 45 ಸೆಂಟಿಮೀಟರ್ ಚೌಕದ ದಪ್ಪ ಹಲಗೆ ಇಟ್ಟರೆ 2025 ಚದರ ಸೆಂಟಿಮೀಟರ್. ಅದೇ ಭಾರ ಒಂಬತ್ತು ಪಟ್ಟು ಜಾಗಕ್ಕೆ ಹರಡಿತು. ಎರಡು ಕಾಲಿಗೂ ಸೇರಿ ಒಂದೇ ಉದ್ದ ಹಲಗೆ ಹಾಕಿದರೆ ಇನ್ನೂ ಒಳ್ಳೆಯದು. ಇಟ್ಟಿಗೆ ಅಥವಾ ಹೆಂಚಿನ ಚೂರು ಇಡಬೇಡಿ. ಭಾರ ಬಿದ್ದಾಗ ಅವು ಒಡೆಯುತ್ತವೆ, ಒಡೆದ ಕಾಲು ಮಾತ್ರ ಇಳಿಯುತ್ತದೆ.

ಇಳಿಜಾರಿನಲ್ಲಿ ಮಣ್ಣನ್ನು ಮೆಟ್ಟಿಲಿನ ಹಾಗೆ ಸಮ ಮಾಡಿ ಹಲಗೆ ಕೂರಿಸಿ. ಕಾಲಿನ ಬುಡದ ತಿರುಪು ಜಾಕನ್ನು ಪೂರ್ತಿ ತಿರುಗಿಸಿ ಎತ್ತರ ತುಂಬಿಸಬಾರದು. ಬರೆಯ (ಕಡಿದಾದ ಮಣ್ಣಿನ ದಿಣ್ಣೆಯ) ಅಂಚಿನಿಂದ ದೂರ ಇರಿ. 2018ರ ಆಗಸ್ಟಿನ ಭೂಕುಸಿತ ನೋಡಿದ ಮೇಲೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂರಿನ ನೀರು ಬಿದ್ದು ಬಿದ್ದು ಗುಂಡಿಯಾದ ಸಾಲು ಗೋಡೆಯ ಪಕ್ಕದಲ್ಲೇ ಇರುತ್ತದೆ. ಒಳಸಾಲಿನ ಕಾಲುಗಳು ಸರಿಯಾಗಿ ಅಲ್ಲೇ ಬರುತ್ತವೆ. ಅಲ್ಲಿನ ಮೆತ್ತನೆ ಮಣ್ಣು ತೆಗೆದು ಜಲ್ಲಿ ತುಂಬಿ ಗುದ್ದಿಸಿ.

ಚರ್ಚ್ ಒಳಗೆ ಚಾವಣಿಗೆ ಬಣ್ಣ ಹೊಡೆಯಬೇಕು. ಚಕ್ರದ ಟವರ್ ಸಾಕಾ?

ನೆಲ ಸಮ ಇದ್ದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಗೋಡೆ ಮುಟ್ಟುವುದಿಲ್ಲ, ದಿನದ ಕೊನೆಗೆ ಮೂಲೆಗೆ ತಳ್ಳಿದರೆ ಭಾನುವಾರದ ಪೂಜೆಗೂ ಅಡ್ಡಿ ಇಲ್ಲ. ಕಟ್ಟಡದ ಒಳಗಾದರೆ ಎತ್ತರ ಬುಡದ ಸಣ್ಣ ಬದಿಯ ಮೂರೂವರೆ ಪಟ್ಟು ಮೀರಬಾರದು, ಬಯಲಲ್ಲಿ ಮೂರೇ ಪಟ್ಟು. ಬುಡ 5 ಅಡಿ ಇದ್ದರೆ ಒಳಗೆ 17 ಅಡಿ, ಹೊರಗೆ 15. ಜಾಸ್ತಿ ಬೇಕಾದರೆ ಹೊರಚಾಚುವ ಕಾಲು ಹಾಕಿ ಬುಡ ಅಗಲ ಮಾಡಬೇಕು. ತಯಾರಿಸಿದ ಕಂಪನಿ ಇದಕ್ಕಿಂತ ಕಡಿಮೆ ಹೇಳಿದ್ದರೆ ಅದನ್ನೇ ಕೇಳಿ.

ಕೆಂಪು ಗಾರೆ ನೆಲವಾದರೆ ಚಕ್ರ ಹೋಗುವ ದಾರಿಗೆಲ್ಲ ಪ್ಲೈವುಡ್ ಹಾಸಿ. ನಾಲ್ಕೂ ಚಕ್ರಕ್ಕೆ ಬ್ರೇಕ್ ಇರಬೇಕು. ಮೇಲೆ ಜನ ಇರುವಾಗ ಟವರ್ ತಳ್ಳಬಾರದು. "ಇಳಿದು ಹತ್ತೋದ್ಯಾಕೆ, ಸ್ವಲ್ಪ ದೂಡು" ಅನ್ನುವ ಮಾತು ಎಲ್ಲಾ ಸೈಟಿನಲ್ಲೂ ಕೇಳುತ್ತದೆ. ಟವರ್ ಮಗುಚುವುದು ಆಗಲೇ.

ಮಹಡಿ ನೆಲ ಮರದ್ದು. ಅದರ ಮೇಲೆ ಸಾರ್ವೆ ನಿಲ್ಲಿಸಬಹುದಾ?

ಕೆಳಗಿನಿಂದ ಊರೆ ಕೊಡದೆ ಬೇಡ. ಮರದ ಹಲಗೆ ಮನುಷ್ಯರ ಓಡಾಟಕ್ಕೆ ಸಾಕು, ನಾಲ್ಕು ಬಿಂದುಗಳಲ್ಲಿ ಇಳಿಯುವ ಭಾರಕ್ಕೆ ಅಲ್ಲ. ತೊಲೆಗಳು ಯಾವ ಕಡೆ ಓಡುತ್ತವೆ ಅಂತ ಕೆಳಗಿನಿಂದ ನೋಡಿ, ಸಾರ್ವೆ ಕಾಲು ತೊಲೆಯ ನೇರಕ್ಕೆ ಬರುವ ಹಾಗೆ ಇಟ್ಟು, ಅದೇ ನೇರಕ್ಕೆ ಕೆಳ ಮಹಡಿಯಲ್ಲಿ ಪ್ರಾಪ್ (ಊರೆ ಕಂಬ) ಕೊಡಬೇಕು. ತೊಲೆ ಗೋಡೆಯೊಳಗೆ ಹೋಗುವ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಮೊದಲು ತೊಲೆಯ ಕೆಲಸ, ಬಣ್ಣ ಆಮೇಲೆ.

ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯಂಥ ಕಡೆ ಇನ್ನೊಂದು ವಿಷಯ ಸೇರುತ್ತದೆ. 1792ರಲ್ಲಿ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಅರಮನೆ ಅದು. ಗೋಡೆಯಲ್ಲಿ ಚಿತ್ರ, ಮರದಲ್ಲಿ ಕೆತ್ತನೆ. ಅಲ್ಲಿ ಗೋಡೆಗೂ ಸಾರ್ವೆಗೂ ನಡುವೆ ಖಾಲಿ ಜಾಗ ಬಿಡಲೇಬೇಕು. ಉದ್ದ ಪೈಪು ಹೊತ್ತು ತಿರುಗುವಾಗ ಅದರ ಹಿಂದಿನ ತುದಿ ಏನು ಒರೆಸಿತು ಅಂತ ಹೊತ್ತವನಿಗೆ ಗೊತ್ತೇ ಆಗುವುದಿಲ್ಲ. ಒಳಗಿನ ಕೆಲಸಕ್ಕೆ ಗಿಡ್ಡ ಪೈಪುಗಳನ್ನೇ ಕೇಳಿ.

## ಮಾಡಿನ ಮೇಲೆ

ಹೆಂಚಿನ ಮೇಲೆ ನಡೆದರೆ ಒಡೆಯುತ್ತೆ. ಮೇಲೆ ಹೋಗೋದು ಹೇಗೆ?

ಎಷ್ಟೋ ಸಲ ಮೇಲೆ ಹೋಗಲೇಬೇಕಾಗಿಲ್ಲ. ಮಂಗಳೂರು ಹೆಂಚು ರೀಪಿನ ಮೇಲೆ ಸುಮ್ನೆ ಕೂತಿರುತ್ತದೆ. ಅಟ್ಟದೊಳಗೆ ಹೋಗಿ, ತೊಲೆಯಿಂದ ತೊಲೆಗೆ ಹಲಗೆ ಹಾಕಿ ನಿಂತು, ಮೇಲಿನ ಸಾಲನ್ನು ಒಳಗಿನಿಂದಲೇ ಎತ್ತಿ, ಒಡೆದದ್ದನ್ನು ತೆಗೆದು ಹೊಸದು ಕೂರಿಸಬಹುದು. ಹಳಬರು ಮಾಡುತ್ತಿದ್ದದ್ದೇ ಇದು.

ಹೊರಗೆ ಹೋಗಲೇಬೇಕಾದರೆ ಮಾಡಿನ ಏಣಿ ಬೇಕು. ತುದಿಯಲ್ಲಿ ಕೊಕ್ಕೆ ಇರುವ ಏಣಿ ಅದು, ಮಾಡಿನ ನೆತ್ತಿ ದಾಟಿ ಆಚೆ ಇಳಿಜಾರಿಗೆ ಕಚ್ಚುತ್ತದೆ. ಕೊಕ್ಕೆ ನೆತ್ತಿಯ ಹೆಂಚಿನ ಮೇಲೆ ಕೂತರೆ ಹೆಂಚು ಹೋಯಿತು. ಆ ಜಾಗದ ಎರಡು ಹೆಂಚು ತೆಗೆದು ಕೊಕ್ಕೆಯನ್ನು ಮರಕ್ಕೆ ತಾಗಿಸಿ. ಏಣಿಯ ಕೆಳಗೆ ಗೋಣಿಚೀಲದ ಮೆತ್ತೆ ಇಟ್ಟು, ಭಾರ ನಾಲ್ಕಾರು ಪಕಾಸಿಗೆ (ರೀಪು ಹೊರುವ ಓರೆ ಮರಕ್ಕೆ) ಹಂಚಿಹೋಗುವ ಹಾಗೆ ಮಾಡಿ. ಮೇಲೆ ಹತ್ತುವ ಮೊದಲು ಒಳಗಿನಿಂದ ಪಕಾಸು, ರೀಪು ನೋಡಿರಬೇಕು. ಗೆದ್ದಲು ತಿಂದ ರೀಪಿಗೆ ಹೊರಗಿನಿಂದ ಗುರುತೇ ಇರುವುದಿಲ್ಲ.

ಗಾಜಿನ ಹೆಂಚು ಇರುವ ಜಾಗಕ್ಕೆ ಮೊದಲೇ ಗುರುತು ಹಾಕಿ. ಪಾಚಿ ಬೆಳೆದು ಅವೂ ಮಣ್ಣಿನ ಹೆಂಚಿನ ಹಾಗೇ ಕಾಣುತ್ತವೆ. ಹಿಂದಿನ ಕಡೆ ಸೇರಿಸಿದ ಕಲ್ನಾರು ಶೀಟಿನ ಮೇಲೆ ಕಾಲಿಡಲೇಬೇಡಿ, ಅದು ಸದ್ದಿಲ್ಲದೆ ಮುರಿಯುತ್ತದೆ.

ಬೆಲ್ಟ್ ಹಾಕಿಕೊಂಡರೆ ಸಾಕಾ? ಎಲ್ಲಿಗೆ ಕಟ್ಟಬೇಕು?

ಸೊಂಟದ ಬೆಲ್ಟ್ ಬೇಡ, ಬಿದ್ದಾಗ ಅದೇ ಬೆನ್ನು ಮುರಿಯುತ್ತದೆ. ಇಡೀ ಮೈಗೆ ಬರುವ ಹಾರ್ನೆಸ್ ಬೇಕು. ಅದಕ್ಕೂ ಒಂದು ಲೆಕ್ಕ ಉಂಟು. ಹಗ್ಗ 6 ಅಡಿ. ಏಟು ತಡೆಯಲು ಹಗ್ಗದಲ್ಲಿರುವ ಮಡಿಕೆ ಬಿಚ್ಚಿಕೊಂಡರೆ ಇನ್ನೂ ಐದಾರು ಅಡಿ. ಬೆನ್ನಿನ ಕೊಂಡಿಯಿಂದ ಪಾದದ ತನಕ 5 ಅಡಿ. ಕೆಳಗೆ 3 ಅಡಿ ಖಾಲಿ ಇರಬೇಕು. ಕೂಡಿಸಿ ನೋಡಿ, ಕೊಕ್ಕೆ ಹಾಕಿದ ಜಾಗದಿಂದ ನೆಲಕ್ಕೆ ಹತ್ತಿರ ಹತ್ತಿರ 20 ಅಡಿ ಬೇಕು. ಒಂದಂತಸ್ತಿನ ಮನೆಯ ಸೂರು 10–12 ಅಡಿ. ಹಾರ್ನೆಸ್ ಹಿಡಿಯುವ ಮೊದಲೇ ನೆಲ ಹಿಡಿಯುತ್ತದೆ!

ಹಾಗಾಗಿ ಗಿಡ್ಡ ಮನೆಗೆ ಸೂರಿನ ಸುತ್ತ ಕೈತಡೆ ಇರುವ ಸಾರ್ವೆಯೇ ಸರಿ. ಅಥವಾ ಅಂಚಿಗೆ ತಲುಪಲೇ ಆಗದಷ್ಟು ಗಿಡ್ಡ ಹಗ್ಗ. ಕಟ್ಟುವ ಜಾಗ ಒಂದೂವರೆ ಟನ್ ಸೆಳೆತವನ್ನಾದರೂ ತಡೆಯಬೇಕು. ಕಳಶ, ಹಳೆ ರೀಪು, ಮಿಂಚು ತಡೆಯ ಸರಳು, ನೀರಿನ ಪೈಪು ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ಒಬ್ಬರು ಬಿದ್ದು ನೇತಾಡಿದರೆ ಕೂಡಲೇ ಇಳಿಸುವುದು ಯಾರು, ಯಾವುದರಿಂದ ಅಂತಲೂ ಬೆಳಿಗ್ಗೆಯೇ ಗೊತ್ತಿರಬೇಕು. ಹಾರ್ನೆಸ್‌ನಲ್ಲಿ ಅಲುಗಾಡದೆ ತೂಗುತ್ತಿದ್ದರೆ ಕಾಲಿನಲ್ಲಿ ರಕ್ತ ನಿಂತು ಜೀವಕ್ಕೇ ಅಪಾಯ. ಆಸ್ಪತ್ರೆಯಿಂದ ಬಂದು ಇಳಿಸುವಷ್ಟು ಹೊತ್ತು ಇರುವುದಿಲ್ಲ.

ದೇವಸ್ಥಾನದ ಮಾಡಿನ ಮೇಲೆ ಚಪ್ಪಲಿ ಹಾಕುವ ಹಾಗಿಲ್ಲ. ಕೆಲಸದವರು ಬರಿಗಾಲಲ್ಲೇ ಹತ್ತಬೇಕಾ?

ತಂತ್ರಿಗಳ ಹತ್ತಿರ, ಸಮಿತಿಯವರ ಹತ್ತಿರ ಮೊದಲೇ ಮಾತಾಡಿ. ಜೀರ್ಣೋದ್ಧಾರದ ದೊಡ್ಡ ಕೆಲಸವಾದರೆ ದೇವರನ್ನು ಬಾಲಾಲಯದಲ್ಲಿ (ತಾತ್ಕಾಲಿಕ ಗುಡಿಯಲ್ಲಿ) ಇರಿಸುತ್ತಾರೆ, ಆ ಸಮಯದಲ್ಲಿ ಒಪ್ಪಿಗೆ ಸುಲಭ. ಸಣ್ಣ ಕೆಲಸಕ್ಕೆ ಹೊಸ ಕ್ಯಾನ್ವಾಸ್ ಶೂ, ರಬ್ಬರ್ ಅಡಿಯದ್ದು, ಅಲ್ಲೇ ಇಟ್ಟು ಅಲ್ಲೇ ಹಾಕುವುದು, ಹೊರಗೆ ಬಳಸದಿರುವುದು. ಹೀಗೆ ಕೇಳಿದರೆ ಹೆಚ್ಚಿನ ಕಡೆ ಬೇಡ ಅನ್ನುವುದಿಲ್ಲ. ತಾಮ್ರದ ತಗಡಿನ ಮಾಡು ಬೆಳಗಿನ ಇಬ್ಬನಿಗೆ ಬಹಳ ಜಾರುತ್ತದೆ, ಬಿಸಿಲು ಬಂದು ಒಣಗಿದ ಮೇಲೆ ಹತ್ತಿ.

ಗೋಪುರದಲ್ಲಿ ಹೆಜ್ಜೇನು ಕೂತಿದೆ. ಹೊಗೆ ಹಾಕಿ ಓಡಿಸಿ ಶುರು ಮಾಡಬಹುದಾ?

ಸಾರ್ವೆ ಅರ್ಧ ಕಟ್ಟಿದ ಮೇಲೆ ಇದು ಗೊತ್ತಾದರೆ ಅನಾಹುತ. ಏಣಿ ಮೇಲೆ ಇರುವವರಿಗೆ ಓಡಲು ಜಾಗ ಇರುವುದಿಲ್ಲ. ಪೈಪಿನ ಮೇಲೆ ಸುತ್ತಿಗೆ ಸದ್ದು ಸಾಕು ಅವಕ್ಕೆ ಸಿಟ್ಟು ಬರಲು. ಹೆಜ್ಜೇನು ಕಾಲಕ್ಕೆ ತಕ್ಕ ಹಾಗೆ ಬಂದು ಹೋಗುವ ಹುಳ. ಅರ್ಜೆಂಟ್ ಇಲ್ಲದಿದ್ದರೆ ಕಾಯಿರಿ. ಕಾಯಲು ಆಗದಿದ್ದರೆ ಜೇನು ಬಲ್ಲವರನ್ನು ಕರೆಸಿ, ಅವರು ರಾತ್ರಿ ಹೊತ್ತು ಮಾಡುತ್ತಾರೆ. ಹಳೆ ಮರದ ಗೋಪುರದಲ್ಲಿ ಬೆಂಕಿ ಹೊಗೆ ಅಂದರೆ ಕಟ್ಟಡವನ್ನೇ ಪಣಕ್ಕಿಟ್ಟ ಹಾಗೆ.

## ಎತ್ತರದ್ದು, ಕಷ್ಟದ್ದು

ಬೂಮ್ ಲಿಫ್ಟ್ ತರಿಸಿದರೆ ಸಾರ್ವೆ ತಲೆನೋವೇ ಇಲ್ಲ ಅಲ್ವಾ?

ಉದ್ದ ತೋಳಿನ ತುದಿಯ ತೊಟ್ಟಿಲಲ್ಲಿ ಜನರನ್ನು ಎತ್ತುವ ಯಂತ್ರ ಅದು. ಕಟ್ಟಡಕ್ಕೆ ಒಂದು ಬೆರಳೂ ತಾಗದೆ ಮೇಲೆ ಹೋಗಬಹುದು, ಅದು ನಿಜ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಥರದ ಎತ್ತರದ ಗೋಪುರವನ್ನು ಒಂದು ದಿನದಲ್ಲಿ ಸುತ್ತಲೂ ಪರೀಕ್ಷೆ ಮಾಡಲು ಇದು ಹೇಳಿ ಮಾಡಿಸಿದ ಯಂತ್ರ. ತಿಂಗಳುಗಟ್ಟಲೆ ಗಾರೆ ಕೆಲಸಕ್ಕೆ ಅಲ್ಲ, ಬಾಡಿಗೆ ಏರುತ್ತಾ ಹೋಗುತ್ತದೆ, ಇಬ್ಬರಿಗಿಂತ ಹೆಚ್ಚು ನಿಲ್ಲಲೂ ಆಗುವುದಿಲ್ಲ.

60 ಅಡಿ ಏರುವ ಬೂಮ್ ಲಿಫ್ಟ್‌ನ ತೂಕ ಹತ್ತು ಟನ್ ಆಸುಪಾಸು. ಘಟ್ಟದ ತಿರುವು, ತೋಟದ ದಾರಿಯ ಮೋರಿ, ಕಲ್ಲಿನ ಕಮಾನು, ಕೆರೆಯ ಕಟ್ಟೆ ಇವೆಲ್ಲ ದಾಟಬೇಕು. ಚಪ್ಪಡಿ ಹಾಸಿದ ಪ್ರಾಂಗಣದ ಕೆಳಗೆ ಹಳೆ ಚರಂಡಿ ಇರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ. ರಬ್ಬರ್ ಪಟ್ಟಿಯ ಮೇಲೆ ಓಡುವ ಸ್ಪೈಡರ್ ಲಿಫ್ಟ್ ಇದಕ್ಕಿಂತ ಬಹಳ ಹಗುರ, ಸಣ್ಣ ಗೇಟಿನಲ್ಲೂ ನುಗ್ಗುತ್ತದೆ. ಸಿಗುವುದು ಕಷ್ಟ, ಸಿಕ್ಕರೆ ಬಿಡಬೇಡಿ.

ಗುಮ್ಮಟಕ್ಕೆ ಸಾರ್ವೆ ಕಟ್ಟೋದು ಹೇಗೆ? ಒರಗಿಸಲು ಏನೂ ಇಲ್ಲವಲ್ಲ.

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನೇ ನೋಡಿ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಎದುರಿಗೆ ಕೆರೆ. ಅಲ್ಲಿನ ಗದ್ದಿಗೆಯದ್ದೂ (ರಾಜರ ಸಮಾಧಿಯದ್ದೂ) ಅದೇ ಥರದ ರೂಪ. ಇಂಥ ಕಡೆ ಸಾರ್ವೆಯ ಭಾರ ಗುಮ್ಮಟದ ಮೇಲೆ ಬೀಳಬಾರದು. ನೆಲದಿಂದಲೇ ನಾಲ್ಕೂ ಕಡೆ ಎದ್ದು, ಮೇಲೆ ಸೇತುವೆಯ ಹಾಗೆ ಅಡ್ಡ ತೊಲೆ ಹಾಕಿ, ಅದರಿಂದ ಗುಮ್ಮಟದ ಸುತ್ತ ಹಲಗೆಯ ಉಂಗುರ ಮಾಡಬೇಕು. ಮೇಲೆ ಹೋದಂತೆ ಉಂಗುರ ಚಿಕ್ಕದಾಗುತ್ತದೆ. ಇದು ಬಿಡಿ ಪೈಪು, ಕ್ಲ್ಯಾಂಪಿನಿಂದ ಮಾತ್ರ ಆಗುವ ಕೆಲಸ. ನಕ್ಷೆ ಇಲ್ಲದೆ ಶುರು ಮಾಡಬಾರದು.

ತಾರಸಿಯ ಮೇಲೆ ಕಾಲು ಇಡಲೇಬೇಕಾದರೆ ಕೆಳಗಿನ ಗೋಡೆಯ ನೇರಕ್ಕೇ ಇಡಿ, ನಡುವೆ ಅಲ್ಲ. ಮಿನಾರನ್ನು ಕಟ್ಟಲು ಬಳಸಬೇಡಿ. ದೂರದಿಂದ ಗಟ್ಟಿ ಕಂಡರೂ ಸಣ್ಣ ಮಿನಾರು ಪಕ್ಕದ ಎಳೆತಕ್ಕೆ ನಿಲ್ಲುವುದಿಲ್ಲ.

ಬರೀ ನೋಡೋಕೆ ಅಂತ ಇಷ್ಟೆಲ್ಲಾ ಕಟ್ಟಬೇಕಾ?

ಬೇಡ. ಒಳ್ಳೆ ಬೈನಾಕ್ಯುಲರ್, ಜೂಮ್ ಇರುವ ಕ್ಯಾಮೆರಾ ಅರ್ಧ ಪ್ರಶ್ನೆಗೆ ಉತ್ತರ ಕೊಡುತ್ತದೆ. ಡ್ರೋನ್ ಇನ್ನೂ ಹತ್ತಿರ ಹೋಗುತ್ತದೆ. ರಕ್ಷಿತ ಸ್ಮಾರಕವಾದರೆ ಹಾರಿಸುವ ಮೊದಲು ಇಲಾಖೆಯ ಒಪ್ಪಿಗೆ ಬೇಕು. ಆದರೆ ಗಾರೆ ಒಳಗೆ ಟೊಳ್ಳಾಗಿದೆಯಾ ಅಂತ ಕ್ಯಾಮೆರಾ ಹೇಳುವುದಿಲ್ಲ, ಬೆರಳಲ್ಲಿ ತಟ್ಟಿಯೇ ಕೇಳಬೇಕು. ಅದಕ್ಕೆ ಹಗ್ಗದ ಮೇಲೆ ಇಳಿದು ಕೆಲಸ ಮಾಡಲು ತರಬೇತಿ ಪಡೆದವರು ಸಿಗುತ್ತಾರೆ. ಇಬ್ಬರು, ಎರಡೆರಡು ಹಗ್ಗ. ಬೆಟ್ಟ ಹತ್ತುವ ಹವ್ಯಾಸದ ಹುಡುಗರನ್ನು ಕರೆಯಬೇಡಿ, ಅದು ಬೇರೆ ವಿದ್ಯೆ.

## ಕಾಲ, ಕಾಗದ, ಕಾಸು

ಯಾವ ತಿಂಗಳಲ್ಲಿ ಸಾರ್ವೆ ಕಟ್ಟಿದರೆ ಒಳ್ಳೇದು?

ಜೂನ್‌ನಿಂದ ಸೆಪ್ಟೆಂಬರ್ ಯೋಚನೆಯೇ ಬೇಡ. ಒಣ ಹವೆ ಡಿಸೆಂಬರ್‌ನಿಂದ. ಆದರೆ ಆಗ ಕಾಫಿ ಕುಯ್ಲು, ಕೈ ಕೆಲಸಕ್ಕೆ ಜನ ಸಿಗುವುದಿಲ್ಲ. ಫೆಬ್ರವರಿ ನಡುವಿನಿಂದ ಏಪ್ರಿಲ್ ತನಕ ಸರಿಯಾದ ಕಾಲ. ನಡುವೆ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದರೆ ಹಲಗೆ ಒಣಗುವ ತನಕ ನಿಲ್ಲಿಸಿ. ಏಪ್ರಿಲ್ ಮೇ ಗುಡುಗು ಶುರುವಾದರೆ ಪೈಪಿನ ಮೇಲೆ ಯಾರೂ ಇರಬಾರದು. ಐನ್‌ಮನೆಯಾದರೆ ಒಕ್ಕದವರೆಲ್ಲ (ಒಂದೇ ಕುಲದವರು) ಪುತ್ತರಿಗೆ, ಅಂದರೆ ಸುಗ್ಗಿ ಹಬ್ಬಕ್ಕೆ, ಸೇರುತ್ತಾರೆ. ಆಗ ಸಾರ್ವೆ ನಿಂತಿದ್ದರೆ ಮಕ್ಕಳು ಹತ್ತದೆ ಬಿಡುವುದಿಲ್ಲ, ಕೆಳಗಿನ ಏಣಿ ತೆಗೆದಿಡಿ.

ಮಳೆ ಬಂದರೆ ಅಂತ ಸಾರ್ವೆಗೆ ಟಾರ್ಪಲ್ ಸುತ್ತಿಬಿಡಲಾ?

ಸುತ್ತಿದ ಕ್ಷಣ ಸಾರ್ವೆ ಹಾಯಿ ಆಯಿತು. ಗಾಳಿ ಹಿಡಿಯುವ ಒತ್ತಡ ಎಷ್ಟೋ ಪಟ್ಟು ಏರುತ್ತದೆ. ಟಾರ್ಪಲ್ ಬರುತ್ತದೆ ಅಂತ ಮೊದಲೇ ಹೇಳಿ ಅದಕ್ಕೆ ತಕ್ಕ ಕಟ್ಟು, ಊರೆ ಹಾಕಿಸಿರಬೇಕು. ಚೂರು ಬೀಳದಿರಲಿ ಅನ್ನುವುದಷ್ಟೇ ಆದರೆ ಬಲೆ ಸಾಕು. ಬಲೆಗೂ ಸ್ವಲ್ಪ ಗಾಳಿ ತಾಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಸಾರ್ವೆ ಕಟ್ಟಲು ಯಾರ ಹತ್ತಿರ ಅನುಮತಿ ಕೇಳಬೇಕು?

ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕವಾದರೆ ಅವರ ಒಪ್ಪಿಗೆ ಇಲ್ಲದೆ ಒಂದು ಗಳವನ್ನೂ ಒರಗಿಸುವ ಹಾಗಿಲ್ಲ. ಮಡಿಕೇರಿ ಕೋಟೆಯ ಅರಮನೆ ಅಂಥದ್ದು. ನಿಮ್ಮದು ಖಾಸಗಿ ಮನೆಯಾದರೂ ಅಂಥ ಸ್ಮಾರಕದ ಪಕ್ಕದಲ್ಲಿದ್ದರೆ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ನೋಡಿ. 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ರಿಪೇರಿಗೂ ಅನುಮತಿ ಬೇಕು. ರಾಜ್ಯ ಇಲಾಖೆಯ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯ್ದೆ ಉಂಟು. ಅರ್ಜಿಯ ಜೊತೆ ಸಾರ್ವೆಯ ನಕ್ಷೆ, ಗೋಡೆಗೆ ಎಲ್ಲೆಲ್ಲಿ ತಾಗುತ್ತದೆ ಅನ್ನುವ ವಿವರ ಕೊಟ್ಟರೆ ಮರುಪ್ರಶ್ನೆ ಕಡಿಮೆ.

ಬಾಡಿಗೆಗೆ ಕೊಡುವವರ ಹತ್ತಿರ ಏನೇನು ಕೇಳಬೇಕು?

ರೇಟು ದಿನಕ್ಕಾ, ತಿಂಗಳಿಗಾ? ಮಳೆಗೆ ಕೆಲಸ ನಿಂತ ದಿನಕ್ಕೂ ಕೊಡಬೇಕಾ? ಲಾರಿ, ಕಟ್ಟುವ ಕೂಲಿ, ಬಿಚ್ಚುವ ಕೂಲಿ ಸೇರಿದೆಯಾ? ಬಿಚ್ಚುವ ಕೂಲಿ ಸೇರಿಲ್ಲದಿದ್ದರೆ ಕೊನೆಯಲ್ಲಿ ಗಡಿಬಿಡಿಯಲ್ಲಿ ಮೇಲಿನಿಂದ ಪೈಪು ಎಸೆಯುತ್ತಾರೆ. ಅಂಗಳದ ಕಲ್ಲು ಒಡೆಯುವುದು ಆವತ್ತೇ. ಸಾರ್ವೆಯನ್ನು ಐಎಸ್ 3696 ಪ್ರಕಾರ ಕಟ್ಟಿಕೊಡುತ್ತೀರಾ ಅಂತಲೂ ಕೇಳಿ. ಸಾರ್ವೆ ಮತ್ತು ಏಣಿಗೆ ಇರುವ ಭಾರತೀಯ ಮಾನಕ ಅದು. ಹೆಸರು ಕೇಳಿದ ಕೂಡಲೇ ಎದುರಿನವರಿಗೆ ವಿಷಯ ಗೊತ್ತಾ ಇಲ್ವಾ ಅಂತ ನಿಮಗೂ ತಿಳಿಯುತ್ತದೆ.

ಕಟ್ಟಿ ಆಯ್ತು. ಸರಿಯಾಗಿದೆ ಅಂತ ನಾನು ಹೇಗೆ ನೋಡಲಿ? ನನಗೆ ಈ ಕೆಲಸ ಗೊತ್ತಿಲ್ಲ.

ಹಲಗೆ ನೋಡಿ. ತುದಿ ಪೈಪಿನಾಚೆ ಎರಡು ಇಂಚಾದರೂ ಚಾಚಿರಬೇಕು, ಆದರೆ ಹಲಗೆಯ ದಪ್ಪದ ನಾಲ್ಕು ಪಟ್ಟಿಗಿಂತ ಜಾಸ್ತಿ ಅಲ್ಲ. ಒಂದೂವರೆ ಇಂಚು ದಪ್ಪದ ಹಲಗೆಗೆ ಆರು ಇಂಚು ಮಿತಿ. ಅದಕ್ಕಿಂತ ಜಾಸ್ತಿ ಇದ್ದರೆ ತುದಿ ತುಳಿದ ಕೂಡಲೇ ಆಚೆ ತುದಿ ಏಳುತ್ತದೆ. ಆ ದಪ್ಪಕ್ಕೆ ಐದಡಿಗೊಂದು ಆಧಾರ ಬೇಕು. ಸಿಲ್ವರ್ ಓಕ್ ಹಲಗೆಯಾದರೆ ಗಂಟು ಎಲ್ಲಿದೆ ನೋಡಿ, ನಡುವೆ ದೊಡ್ಡ ಗಂಟು ಇದ್ದರೆ ಬದಲಾಯಿಸಿ.

ಸೊಂಟದ ಎತ್ತರಕ್ಕೆ ಒಂದು ಕೈತಡೆ, ಅದರ ಅರ್ಧಕ್ಕೆ ಇನ್ನೊಂದು, ಹಲಗೆಯ ಅಂಚಿಗೆ ಆರು ಇಂಚಿನ ಅಡ್ಡಪಟ್ಟಿ. ಆ ಪಟ್ಟಿ ಇಲ್ಲದಿದ್ದರೆ ಕಾಲಿಗೆ ತಾಗಿದ ಸುತ್ತಿಗೆ ಕೆಳಗಿನವರ ತಲೆ ಮೇಲೆ. ಓರೆ ಪೈಪು ಎಲ್ಲಾ ಮುಖಕ್ಕೂ ಇದೆಯಾ? ಯಾವ ಕಾಲಿನ ಕೆಳಗಾದರೂ ಬೆಳಕು ಕಾಣುತ್ತಾ? ಕಂಡರೆ ಆ ಕಾಲು ಭಾರ ಹೊರುತ್ತಿಲ್ಲ. ಒಂದು ರಾತ್ರಿ ಮಳೆ ಬಂದರೂ ಬೆಳಿಗ್ಗೆ ಮತ್ತೆ ಒಂದು ಸುತ್ತು ಹಾಕಿ, ಕಾಲಿನ ಹಲಗೆಗಳನ್ನು ಒಂದೊಂದಾಗಿ ನೋಡಿ, ಆಮೇಲೆ ಹತ್ತಲು ಹೇಳಿ. ನೋಡಿದ ತಾರೀಕು, ನೋಡಿದವರ ಹೆಸರು ಬರೆದ ಚೀಟಿಯನ್ನು ಏಣಿಯ ಬುಡದಲ್ಲೇ ಕಟ್ಟಿರಲಿ.